ಗಾಳಿಗೆ ಜಾಗ, ಹಡಗಿಗೆ ದಾರಿ: ಹತ್ತು ವರ್ಷದ ಲೆಕ್ಕ

ಕಡಲ ಗಾಳಿಯಿಂದ ವಿದ್ಯುತ್ ಉತ್ಪಾದಿಸುವ ರಾಷ್ಟ್ರೀಯ ನೀತಿ ಪ್ರಕಟವಾಗಿ 2025ರ ಅಕ್ಟೋಬರ್‌ಗೆ ಹತ್ತು ವರ್ಷ ತುಂಬಿತು. ಈ ಹತ್ತು ವರ್ಷದಲ್ಲಿ ಗುರಿ ಬಂತು, ಗುರಿಯ ಪರಿಷ್ಕರಣೆ ಬಂತು, ಗುತ್ತಿಗೆ ನಿಯಮ ಬಂತು, ಟೆಂಡರ್ ಬಂತು, ಬಂದ ಟೆಂಡರ್ ರದ್ದೂ ಆಯಿತು. ಕರೆಂಟು ಮಾತ್ರ ಬರಲಿಲ್ಲ. ದಶಕ ಮುಗಿದಾಗ ಭಾರತದ ಕಡಲಿನಲ್ಲಿ ಗಾಳಿ ವಿದ್ಯುತ್ತಿನ ಒಂದೇ ಒಂದು ಸ್ಥಾವರವೂ ಇರಲಿಲ್ಲ. ಹಣ, ತಂತ್ರಜ್ಞಾನ, ದರ ಎಂದು ಇದಕ್ಕೆ ಹಲವು ಕಾರಣಗಳನ್ನು ಹೇಳುತ್ತಾರೆ. ಎಲ್ಲವೂ ನಿಜವೇ. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಕಾರಣವಿದೆ: ಆ ನೀರಿನಲ್ಲಿ ಹಡಗು ಎಲ್ಲಿ ಹೋಗಬೇಕು, ಬಲೆ ಎಲ್ಲಿ ಬೀಳಬೇಕು, ಗಾಳಿಯಂತ್ರದ ಕಂಬ ಎಲ್ಲಿ ನಿಲ್ಲಬೇಕು ಎಂದು ಎಲ್ಲರನ್ನೂ ಒಟ್ಟಿಗೆ ಕೂರಿಸಿ ನಾವು ಇನ್ನೂ ತೀರ್ಮಾನಿಸಿಲ್ಲ. ಅದರಲ್ಲೂ ಪಕ್ಕದ ಶ್ರೀಲಂಕಾವನ್ನು ಕೂರಿಸಿಕೊಂಡು ತೀರ್ಮಾನಿಸಿಲ್ಲ.

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರಿನವರಿಗೆ ಈ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಊರು ನಮ್ಮದು. ಚೆನ್ನೈ ಬಂದರು ರಸ್ತೆಯಲ್ಲಿ ಸುಮಾರು ಮುನ್ನೂರು ಕಿಲೋಮೀಟರ್ ದೂರ. ಆದರೆ 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ, ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿ ಸೀಮೆಯ ಹೊಟ್ಟೆಪಾಡು ಹಡಗಿಗೆ ತಳುಕು ಹಾಕಿಕೊಂಡಿದೆ. ಟಿವಿಎಸ್ ಬೈಕು, ಅಶೋಕ್ ಲೇಲ್ಯಾಂಡ್ ಲಾರಿ, ಕೃಷ್ಣಗಿರಿಯ ಗ್ರಾನೈಟ್ ದಿಮ್ಮಿ ಎಲ್ಲವೂ ಕಡಲು ದಾಟಿ ಮಾರಾಟವಾಗುವ ಸರಕು.

ಮಾವಿನ ತಿರುಳನ್ನೇ ನೋಡಿ. ಹಂಗಾಮಿನಲ್ಲಿ ಕೃಷ್ಣಗಿರಿ ಸುತ್ತಿನ ಕಾರ್ಖಾನೆಗಳ ಗೇಟಿನ ಮುಂದೆ ತೋತಾಪುರಿ ಲೋಡುಗಳು ಸಾಲುಗಟ್ಟುತ್ತವೆ. ಹಣ್ಣು ತೊಳೆದು, ಓಟೆ ಸಿಪ್ಪೆ ಬೇರ್ಪಡಿಸಿ, ತಿರುಳನ್ನು ಕಾಯಿಸಿ ಆರಿಸಿ, ಕ್ರಿಮಿಯಿಲ್ಲದ ಚೀಲಕ್ಕೆ ತುಂಬಿ, ಚೀಲವನ್ನು ಉಕ್ಕಿನ ಡ್ರಮ್ಮಿಗೆ ಇಳಿಸುತ್ತಾರೆ. ಸಾಮಾನ್ಯವಾಗಿ ಒಂದು ಡ್ರಮ್ಮಿಗೆ 215 ಕಿಲೋ, ಇಪ್ಪತ್ತಡಿ ಕಂಟೈನರಿಗೆ 80 ಡ್ರಮ್, ಅಂದರೆ ಒಂದು ಪೆಟ್ಟಿಗೆಯಲ್ಲಿ 17 ಟನ್ ಚಿಲ್ಲರೆ ತಿರುಳು. 2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಹೂತಿ ದಾಳಿ ಶುರುವಾಗಿ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಹೋಗತೊಡಗಿದಾಗ ಪ್ರಯಾಣ ಹತ್ತು ದಿನಕ್ಕೂ ಹೆಚ್ಚು ಲಂಬಿಸಿತು, ಬಾಡಿಗೆ ಏರಿತು. ಇಂಥ ಹೊರೆ ಕಾರ್ಖಾನೆಯ ಗೇಟಿನಲ್ಲೇ ನಿಲ್ಲುವುದಿಲ್ಲ. ಮುಂದಿನ ಹಂಗಾಮಿಗೆ ಹಣ್ಣಿನ ದರ ಕಟ್ಟುವಾಗ ತೋಟದವನ ಲೆಕ್ಕಕ್ಕೂ ಇಳಿಯುತ್ತದೆ. ಕಡಲ ದಾರಿ ಸುತ್ತಾದರೆ ಇಲ್ಲಿ ಕಾಸು ಕಡಿಮೆಯಾಗುತ್ತದೆ.

ಇನ್ನೊಂದು ಮಗ್ಗುಲಲ್ಲಿ ಕರೆಂಟಿನ ಲೆಕ್ಕವಿದೆ. ಹೊಸೂರಿನ ಯಂತ್ರಗಳು ತಿರುಗುವುದು ತಮಿಳುನಾಡಿನ ವಿದ್ಯುಜ್ಜಾಲದಿಂದ. ಆ ಜಾಲಕ್ಕೆ ಮುಪ್ಪಂದಲ್, ಆರಲ್ವಾಯ್ಮೊಳಿ ಸುತ್ತಿನ ಗಾಳಿಯಂತ್ರಗಳ ಕೊಡುಗೆ ದೊಡ್ಡದು. ರಾಜ್ಯದ ಪವನ ವಿದ್ಯುತ್ ಸಾಮರ್ಥ್ಯ ಹತ್ತು ಸಾವಿರ ಮೆಗಾವ್ಯಾಟ್ ದಾಟಿದೆ. ಒಳ್ಳೆಯ ಗಾಳಿಯ ಗುಡ್ಡ, ಬಯಲುಗಳು ಬಹುಮಟ್ಟಿಗೆ ಭರ್ತಿಯಾಗಿವೆ. ಮಾಲು ಕೊಳ್ಳುವ ವಿದೇಶಿ ಕಂಪನಿಗಳು ಅದು ಯಾವ ಕರೆಂಟಿನಲ್ಲಿ ತಯಾರಾಯಿತೆಂದು ಕೇಳತೊಡಗಿವೆ. ಹಾಗಾಗಿ ನಮಗೆ ಹಡಗಿನ ದಾರಿಯೂ ಸಲೀಸಾಗಿರಬೇಕು, ಕಡಲ ಗಾಳಿಯೂ ಕರೆಂಟಾಗಬೇಕು. ಈ ವ್ಯಾಜ್ಯದಲ್ಲಿ ವಾದಿಯೂ ನಾವೇ, ಪ್ರತಿವಾದಿಯೂ ನಾವೇ. ಒಂದು ಕಡೆ ವಾಲಿ ತೀರ್ಪು ಕೊಡುವ ಅನುಕೂಲ ನಮಗಿಲ್ಲ.

ಹಿಂತಿರುಗಿ ನೋಡುವಾಗ ಸೇತುಸಮುದ್ರದಿಂದಲೇ ಆರಂಭಿಸಬೇಕು. ರಾಮೇಶ್ವರ ಮತ್ತು ಶ್ರೀಲಂಕಾದ ತಲೈಮನ್ನಾರ್ ನಡುವಿನ ನೀರು ದೊಡ್ಡ ಹಡಗು ಸಾಗುವಷ್ಟು ಆಳವಿಲ್ಲ. ಭಾರತದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ ಹೋಗುವ ಹಡಗು ಶ್ರೀಲಂಕಾವನ್ನು ಸುತ್ತಿ ಹೋಗಬೇಕು. ಅದನ್ನು ತಪ್ಪಿಸಲು ಪಾಕ್ ಕೊಲ್ಲಿಯಲ್ಲಿ ಹೂಳೆತ್ತಿ 167 ಕಿಲೋಮೀಟರ್ ಉದ್ದದ ಕಾಲುವೆ ತೋಡುವ ಯೋಜನೆಗೆ 2005ರ ಜುಲೈ 2ರಂದು ಮದುರೈಯಲ್ಲಿ ಪ್ರಧಾನಿ ಮನಮೋಹನ ಸಿಂಗ್ ಚಾಲನೆ ಕೊಟ್ಟರು. ರಾಮಸೇತುವೆಯ ನಂಬಿಕೆ, ಹವಳದ ದಿಬ್ಬಗಳ ಚಿಂತೆ, ಮೀನುಗಾರರ ಆತಂಕ, ಖರ್ಚಿಗೆ ತಕ್ಕ ಆದಾಯ ಬರುತ್ತದೆಯೇ ಎಂಬ ಸಂದೇಹ ಎಲ್ಲ ಸೇರಿ ವಿವಾದ ಸುಪ್ರೀಂ ಕೋರ್ಟ್ ಮುಟ್ಟಿತು. 2007ರಲ್ಲಿ ಸೇತುವೆಯ ಭಾಗಕ್ಕೆ ತಡೆ ಬಿತ್ತು, ಹೂಳೆತ್ತುವ ಯಂತ್ರಗಳು ವಾಪಸಾದವು. 2023ರ ಜನವರಿಯಲ್ಲಿ ತಮಿಳುನಾಡು ವಿಧಾನಸಭೆ ಯೋಜನೆಯನ್ನು ಮತ್ತೆ ಕೈಗೆತ್ತಿಕೊಳ್ಳಿ ಎಂದು ನಿರ್ಣಯ ಮಾಡಿದರೂ ಕೆಲಸ ಮುಂದೆ ಸಾಗಲಿಲ್ಲ.

ಕಾಲುವೆ ಬೇಕಿತ್ತೋ ಬೇಡವೋ ಎಂಬ ಜಗಳ ಈಗಲೂ ಇದೆ. ನಮ್ಮ ದೃಷ್ಟಿಯಲ್ಲಿ ಅದರ ಮುಖ್ಯ ಪಾಠ ಬೇರೆ. ಅಲ್ಲಿ ಹಡಗಿನ ಅಗತ್ಯವೊಂದನ್ನೇ ಮುಂದಿಟ್ಟುಕೊಂಡು ಗೆರೆ ಎಳೆಯಲಾಯಿತು. ಆ ಗೆರೆಯ ಸುತ್ತ ಯಾರು ಯಾರಿದ್ದಾರೆ ಎಂಬುದು ಚಾಲನೆಯ ಸಮಾರಂಭ ಮುಗಿದ ಮೇಲೆ ಒಂದೊಂದಾಗಿ ತೆರೆದುಕೊಂಡಿತು. 21 ದ್ವೀಪಗಳ ಮನ್ನಾರ್ ಕೊಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ 1986ರಿಂದಲೂ ಅಲ್ಲೇ ಇತ್ತು. ಎರಡು ದೇಶಗಳ ಕಡಲ ಗಡಿಯನ್ನು ಪಾಕ್ ಕೊಲ್ಲಿಯಲ್ಲಿ 1974ರ ಒಪ್ಪಂದ, ಮನ್ನಾರ್ ಕೊಲ್ಲಿಯಲ್ಲಿ 1976ರ ಒಪ್ಪಂದ ನಿಗದಿ ಮಾಡಿದ್ದವು. ಹೊಸದಾಗಿ ಬಂದದ್ದು ಕಾಲುವೆ ಮಾತ್ರ.

ಗಾಳಿಯ ಕಥೆಯಲ್ಲಿ ಇದೇ ತಪ್ಪು ತಿರುಗುಮುರುಗಾಗಿ ನಡೆಯಿತು. 2015ರ ನೀತಿಯ ನಂತರ 2018ರಲ್ಲಿ ಕೇಂದ್ರ ಸರ್ಕಾರ ದೊಡ್ಡ ಗುರಿ ಘೋಷಿಸಿತು: 2022ರೊಳಗೆ 5 ಗಿಗಾವ್ಯಾಟ್, 2030ರೊಳಗೆ 30 ಗಿಗಾವ್ಯಾಟ್. 2022 ಬಂದು ಹೋಯಿತು. ಗುಜರಾತಿನ ಕರಾವಳಿಯಲ್ಲಿ 36, ತಮಿಳುನಾಡಿನ ಕರಾವಳಿಯಲ್ಲಿ 35 ಗಿಗಾವ್ಯಾಟ್ ಸಾಧ್ಯ ಎಂಬ ಅಂದಾಜು ಮಾತ್ರ ಕಾಗದದಿಂದ ಕಾಗದಕ್ಕೆ ದಾಟುತ್ತ ಬಂತು. 2023ರ ಕೊನೆಗೆ ಗುತ್ತಿಗೆ ನಿಯಮ ಜಾರಿಗೆ ಬಂತು. 2024ರ ಫೆಬ್ರುವರಿಯಲ್ಲಿ ಸೌರಶಕ್ತಿ ನಿಗಮವಾದ ಸೆಕಿ ತಮಿಳುನಾಡಿನ ಕಡಲತಳವನ್ನು 4 ಗಿಗಾವ್ಯಾಟ್ ಯೋಜನೆಗಳಿಗೆ ಗುತ್ತಿಗೆ ಕೊಡಲು ಟೆಂಡರ್ ಕರೆಯಿತು. ಅದೇ ವರ್ಷದ ಜೂನ್‌ನಲ್ಲಿ ಸಚಿವ ಸಂಪುಟ 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿತು. ಗುಜರಾತಿಗೆ 500, ತಮಿಳುನಾಡಿಗೆ 500 ಮೆಗಾವ್ಯಾಟ್; ಅದರಲ್ಲಿ 600 ಕೋಟಿ ಎರಡು ಬಂದರುಗಳನ್ನು ಈ ಕೆಲಸಕ್ಕೆ ಸಜ್ಜುಗೊಳಿಸಲು. 2025ರಲ್ಲಿ 4 ಗಿಗಾವ್ಯಾಟ್‌ನ ಟೆಂಡರ್ ರದ್ದಾಯಿತು.

ರದ್ದತಿಗೆ ನಕ್ಷೆಯ ಕೊರತೆಯೊಂದೇ ಕಾರಣ ಎಂದರೆ ತಪ್ಪಾದೀತು. ಕಡಲಲ್ಲಿ ಕಂಬ ನಿಲ್ಲಿಸುವ ವೆಚ್ಚ ದೊಡ್ಡದು, ಅದಕ್ಕೆ ಬೇಕಾದ ವಿಶೇಷ ಹಡಗುಗಳು ನಮ್ಮಲ್ಲಿಲ್ಲ, ಬಿಸಿಲಿನ ಕರೆಂಟು ಅಗ್ಗವಾಗಿ ಸಿಗುವಾಗ ದುಬಾರಿ ಕರೆಂಟು ಕೊಳ್ಳುವವರು ಯಾರು ಎಂಬ ಪ್ರಶ್ನೆಯೂ ಇದೆ. ಆದರೆ ಬಂಡವಾಳ ಹಾಕುವವನು ದರದ ಜೊತೆಗೆ ಜಾಗದ ಭರವಸೆಯನ್ನೂ ನೋಡುತ್ತಾನೆ. 2015ರ ನೀತಿಯ ಪ್ರಕಾರ ರಕ್ಷಣೆ, ವಿದೇಶಾಂಗ, ನೌಕಾಯಾನ, ಮೀನುಗಾರಿಕೆ, ಪರಿಸರ ಎಂದು ಹಲವು ಇಲಾಖೆಗಳ ಒಪ್ಪಿಗೆ ಬೇಕು. ಪ್ರತಿ ಯೋಜನೆಗೂ ಪ್ರತಿ ಇಲಾಖೆಯಿಂದ ಒಪ್ಪಿಗೆ ಪತ್ರ ತರುವುದು ಒಂದು ಪದ್ಧತಿ. ಇಲಾಖೆಗಳೆಲ್ಲ ಒಮ್ಮೆ ಕೂತು ಇಡೀ ಕೊಲ್ಲಿಯನ್ನು ಹಂಚಿಕೊಳ್ಳುವುದು ಬೇರೆಯೇ ಪದ್ಧತಿ. ಮೊದಲನೆಯದರಲ್ಲಿ ಕಡತ ಓಡಾಡುತ್ತದೆ, ಎರಡನೆಯದರಲ್ಲಿ ತೀರ್ಮಾನವಾಗುತ್ತದೆ. ಹತ್ತು ವರ್ಷ ನಾವು ಮೊದಲನೆಯದರಲ್ಲೇ ಕಳೆದೆವು.

ಎರಡನೆಯ ಪದ್ಧತಿ ನಮಗೆ ಅಪರಿಚಿತವೇನಲ್ಲ. 2020ರ ಆಗಸ್ಟ್ 1ರಿಂದ ಭಾರತದ ನೈರುತ್ಯ ಕಡಲಿನಲ್ಲಿ ಸರಕು ಹಡಗುಗಳ ದಾರಿಯನ್ನು ಮೀನುಗಾರಿಕೆ ದೋಣಿಗಳ ಜಾಗದಿಂದ ಬೇರ್ಪಡಿಸುವ ವ್ಯವಸ್ಥೆ ಜಾರಿಗೆ ಬಂದಿದೆ. ಹಡಗು ಬಡಿದು ದೋಣಿ ಮುಳುಗಿ ಮೀನುಗಾರರು ಸತ್ತ ಪ್ರಕರಣಗಳು ಅದಕ್ಕೆ ಪ್ರೇರಣೆ. ನಾರ್ವೆಯ ಸಹಕಾರದಿಂದ ಪುದುಚೇರಿ ಮತ್ತು ಲಕ್ಷದ್ವೀಪದಲ್ಲಿ ಕಡಲ ಬಳಕೆಯ ಯೋಜನೆಯನ್ನು ಪ್ರಾಯೋಗಿಕವಾಗಿ ರೂಪಿಸುವ ಕೆಲಸ ನಡೆಯಿತು. ಪುದುಚೇರಿಯ ಚೌಕಟ್ಟು 2023ರಲ್ಲಿ ಹೊರಬಂತು. ಮಾಡಲು ಬರುತ್ತದೆ ಎಂದಾಯಿತು. ಮನ್ನಾರ್ ಕೊಲ್ಲಿಗೆ ಮಾತ್ರ ಅದನ್ನು ತಂದಿಲ್ಲ.

ಅಲ್ಲಿ ತರಬೇಕಾದ್ದು ಏಕೆಂದರೆ, ಕಂಬಗಳಿಗೆ ಯೋಗ್ಯ ಎಂದು ಗುರುತಿಸಿದ ನೀರು ಖಾಲಿ ಬಿದ್ದಿಲ್ಲ. ನೈರುತ್ಯ ಮಾರುತ ಪಶ್ಚಿಮ ಘಟ್ಟದ ಕಣಿವೆಯಿಂದ ನುಗ್ಗಿ ಮುಪ್ಪಂದಲ್ ದಾಟಿ ಕಡಲ ಮೇಲೂ ಅದೇ ರಭಸದಲ್ಲಿ ಬೀಸುತ್ತದೆ. ಅದೇ ಕೊಲ್ಲಿಯಲ್ಲಿ ತೂತ್ತುಕುಡಿಯ ವ.ಉ. ಚಿದಂಬರನಾರ್ ಬಂದರಿದೆ. ಬ್ರಿಟಿಷ್ ಹಡಗು ಕಂಪನಿಗೆ ಎದುರಾಗಿ 1906ರಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದವರ ಹೆಸರಿನ ಬಂದರು. ಅಲ್ಲಿಂದ ಸಣ್ಣ ಹಡಗುಗಳು ಕಂಟೈನರ್ ಹೊತ್ತು ಕೊಲಂಬೊಗೆ ಹೋಗುತ್ತವೆ. ಅಲ್ಲಿ ಪೆಟ್ಟಿಗೆಗಳು ದೊಡ್ಡ ಹಡಗಿಗೆ ಏರುತ್ತವೆ. ಆ ದಾರಿ ಕೊಲ್ಲಿಯನ್ನು ಅಡ್ಡಲಾಗಿ ಹಾದು ಗಡಿ ದಾಟುತ್ತದೆ. ಭಾರತದ ಗಡಿಯೊಳಗೆ ಎಷ್ಟು ಅಚ್ಚುಕಟ್ಟಾಗಿ ದಾರಿ ಬಿಟ್ಟರೂ ಗಡಿಯಾಚೆ ಅದಕ್ಕೆ ಎದುರಾಗಿ ಕಂಬಗಳು ಬಂದರೆ ಪ್ರಯೋಜನವಿಲ್ಲ.

ಪಾಕ್ ಕೊಲ್ಲಿಯ ಸ್ಥಿತಿ ಬೇರೆ. ನೀರು ಆಳವಿಲ್ಲದ್ದರಿಂದ ಕಂಬ ಊರಲು ಅನುಕೂಲ, ದೊಡ್ಡ ಹಡಗಿಗೆ ಅನನುಕೂಲ. ಅಲ್ಲಿ ಗಾಳಿಯಂತ್ರಕ್ಕೆ ಎದುರಾಗುವುದು ಮುಖ್ಯವಾಗಿ ಮೀನುಗಾರ. 2024ರೊಂದರಲ್ಲೇ ಐನೂರಕ್ಕೂ ಹೆಚ್ಚು ಭಾರತೀಯ ಮೀನುಗಾರರನ್ನು ಶ್ರೀಲಂಕಾ ನೌಕಾಪಡೆ ಬಂಧಿಸಿದ ನೀರು ಅದು. ಕಡಲಹಸುವಿಗಾಗಿ 448 ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶವನ್ನು ತಮಿಳುನಾಡು 2022ರಲ್ಲಿ ಘೋಷಿಸಿದ್ದೂ ಅಲ್ಲೇ. 2023ರ ಅಕ್ಟೋಬರ್‌ನಲ್ಲಿ ನಾಗಪಟ್ಟಣದಿಂದ ಕಂಕೇಶನ್‌ತುರೈಗೆ ಪ್ರಯಾಣಿಕರ ಹಡಗು ಶುರುವಾಗಿ, ಆ ನೀರಿಗೆ ಇನ್ನೊಬ್ಬ ಬಳಕೆದಾರ ಸೇರಿದ.

ಎರಡು ದೇಶಗಳ ನಡುವೆ ಮಾತೇ ಆಗಿಲ್ಲ ಎನ್ನುವಂತಿಲ್ಲ. 2024ರ ಡಿಸೆಂಬರ್ 16ರಂದು ಶ್ರೀಲಂಕಾ ಅಧ್ಯಕ್ಷ ಅನುರ ಕುಮಾರ ದಿಸ್ಸನಾಯಕೆ ದೆಹಲಿಗೆ ಬಂದಾಗ ಹೊರಬಿದ್ದ ಜಂಟಿ ಹೇಳಿಕೆಯಲ್ಲಿ, ಪಾಕ್ ಜಲಸಂಧಿಯ ಕಡಲ ಗಾಳಿ ವಿದ್ಯುತ್ತನ್ನು ಪರಿಸರ ಕಾಪಾಡಿಕೊಂಡು ಒಟ್ಟಾಗಿ ಅಭಿವೃದ್ಧಿಪಡಿಸುವ ಮಾತಿದೆ. 2025ರ ಏಪ್ರಿಲ್‌ನಲ್ಲಿ ಎರಡು ದೇಶಗಳ ವಿದ್ಯುಜ್ಜಾಲ ಜೋಡಿಸುವ ಒಡಂಬಡಿಕೆಗೆ ಸಹಿ ಬಿತ್ತು. ಜಾಫ್ನಾ ಬಳಿಯ ಮೂರು ದ್ವೀಪಗಳಿಗೆ ಸೌರ ಮತ್ತು ಪವನ ವಿದ್ಯುತ್ ಕೊಡುವ ಕೆಲಸ ಮೊದಲು ಚೀನಾದ ಕಂಪನಿಗೆ ಹೋಗಿತ್ತು. ಭಾರತ ಆಕ್ಷೇಪಿಸಿ ತಾನೇ ಅನುದಾನ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಆ ಗುತ್ತಿಗೆ ಬೆಂಗಳೂರಿನ ಕಂಪನಿಯೊಂದಕ್ಕೆ ಸಿಕ್ಕಿತು. ಅತ್ತ, ಮನ್ನಾರ್ ಮತ್ತು ಪೂನಕರಿಯ ನೆಲದ ಮೇಲೆ 484 ಮೆಗಾವ್ಯಾಟ್ ಗಾಳಿಯಂತ್ರ ಹಾಕಲಿದ್ದ ಅದಾನಿ ಸಮೂಹ, ವಲಸೆ ಹಕ್ಕಿಗಳ ಪ್ರಶ್ನೆ ಮತ್ತು ದರದ ಚೌಕಾಸಿ ನಡುವೆ 2025ರ ಫೆಬ್ರುವರಿಯಲ್ಲಿ ಹಿಂದೆ ಸರಿಯಿತು. ರಾಜತಾಂತ್ರಿಕ ಲೆಕ್ಕಾಚಾರದಲ್ಲಿ ಹುಟ್ಟಿದ ಯೋಜನೆ ಸ್ಥಳೀಯರ ಒಪ್ಪಿಗೆಯಿಲ್ಲದೆ ನಿಲ್ಲಲಾರದು ಎಂಬುದಕ್ಕೆ ಇದೇ ನಿದರ್ಶನ.

ಈ ವಿಷಯದಲ್ಲಿ ನಮಗಿಂತ ಮುಂದಿರುವುದು ಯುರೋಪಿನ ಉತ್ತರ ಸಮುದ್ರದ ದೇಶಗಳು. ಯುರೋಪಿಯನ್ ಒಕ್ಕೂಟ 2014ರಲ್ಲಿ ಕಾನೂನು ಮಾಡಿ, ಕರಾವಳಿಯಿರುವ ಪ್ರತಿ ಸದಸ್ಯ ದೇಶ 2021ರ ಮಾರ್ಚ್ ಒಳಗೆ ತನ್ನ ಕಡಲಿನ ಯೋಜನೆ ಸಿದ್ಧಪಡಿಸಬೇಕು, ನೆರೆಯವರೊಂದಿಗೆ ಸಮಾಲೋಚಿಸಬೇಕು ಎಂದಿತು. ನೆದರ್ಲೆಂಡ್ಸ್ ಅದಕ್ಕೂ ಮೊದಲೇ, 2013ರ ಆಗಸ್ಟ್ 1ರಂದು, ತನ್ನ ಕರಾವಳಿಯ ಹಡಗು ದಾರಿಗಳನ್ನು ಹೊಸದಾಗಿ ಜೋಡಿಸಿಕೊಂಡು ಗಾಳಿಯಂತ್ರಗಳಿಗೆ ಜಾಗ ಬಿಡಿಸಿಕೊಂಡಿತು. ಮೊದಲು ದಾರಿ, ಆಮೇಲೆ ಗುತ್ತಿಗೆ. 2023ರ ಏಪ್ರಿಲ್‌ನಲ್ಲಿ ಒಸ್ಟೆಂಡ್‌ನಲ್ಲಿ ಸೇರಿದ ಒಂಬತ್ತು ದೇಶಗಳು 2030ಕ್ಕೆ 120 ಗಿಗಾವ್ಯಾಟ್ ಎಂದು ಘೋಷಿಸುವ ಧೈರ್ಯ ಮಾಡಿದ್ದು ಇಂಥ ತಯಾರಿಯ ಮೇಲೆ ನಿಂತು.

ಹಾಗೆಂದು ಅಲ್ಲಿ ಎಲ್ಲ ಸರಿಹೋಗಿದೆ ಎಂದಲ್ಲ. 2022ರ ಜನವರಿ 31ರಂದು ಜೂಲಿಯೆಟಾ ಡಿ ಎಂಬ ಸರಕು ಹಡಗು ಡಚ್ ಕರಾವಳಿಯಲ್ಲಿ ಲಂಗರು ಹಾಕಿ ನಿಂತಿತ್ತು. ಬಿರುಗಾಳಿಗೆ ಲಂಗರು ಹಿಡಿತ ಬಿಟ್ಟು ಹಡಗು ತೇಲಿಹೋಗಿ ಪಕ್ಕದ ಟ್ಯಾಂಕರಿಗೆ ಬಡಿಯಿತು. ಎಂಜಿನ್ ಕೋಣೆಗೆ ನೀರು ನುಗ್ಗಿತು. 18 ಸಿಬ್ಬಂದಿಯನ್ನು ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡರು. ಆಳಿಲ್ಲದ ಹಡಗು ತೇಲುತ್ತ ಹೋಗಿ, ಆಗಿನ್ನೂ ಕಟ್ಟುತ್ತಿದ್ದ ಹೊಲಾಂಡ್ಸೆ ಕುಸ್ಟ್ ಜೌಡ್ ಗಾಳಿಯಂತ್ರ ವಲಯದೊಳಗೆ ನುಗ್ಗಿ ಅಡಿಪಾಯಕ್ಕೆ ಗುದ್ದಿತು. ಕೊನೆಗೆ ಎಳೆಹಡಗುಗಳು ಅದನ್ನು ರಾಟರ್‌ಡ್ಯಾಮಿಗೆ ಒಯ್ದವು. ನೆದರ್ಲೆಂಡ್ಸ್ ಆಮೇಲೆ ಗಾಳಿಯಂತ್ರ ವಲಯಗಳ ಬಳಿ ಹೆಚ್ಚುವರಿ ಎಳೆಹಡಗುಗಳನ್ನು ಕಾವಲಿಗಿಟ್ಟಿತು. ನೆಟ್ಟಗೆ ಸಾಗುವ ಹಡಗಿಗೆ ಮಾತ್ರವಲ್ಲ, ಕೆಟ್ಟು ತೇಲುವ ಹಡಗಿಗೂ ನಕ್ಷೆಯಲ್ಲಿ ಜಾಗ ಬೇಕು. ಸಮುದ್ರ ಕಾನೂನಿನ 1982ರ ಒಪ್ಪಂದ ಇಂಥ ಕಟ್ಟಡಗಳ ಸುತ್ತ ಸಾಮಾನ್ಯವಾಗಿ 500 ಮೀಟರ್‌ವರೆಗೆ ಸುರಕ್ಷತಾ ವಲಯಕ್ಕೆ ಅವಕಾಶ ಕೊಡುತ್ತದೆ. ಬಿರುಗಾಳಿಯಲ್ಲಿ 500 ಮೀಟರ್ ನಿಮಿಷಗಳಲ್ಲಿ ಕಳೆದುಹೋಗುತ್ತದೆ.

ಕೆಟ್ಟ ಹಡಗು ನಮಗೂ ಹೊಸದಲ್ಲ. 2021ರಲ್ಲಿ ಎಕ್ಸ್‌ಪ್ರೆಸ್ ಪರ್ಲ್ ಹಡಗಿನ ಒಂದು ಕಂಟೈನರಿನಿಂದ ನೈಟ್ರಿಕ್ ಆಮ್ಲ ಸೋರುತ್ತಿರುವುದು ಅದು ಗುಜರಾತಿನ ಹಜೀರಾದಲ್ಲಿದ್ದಾಗಲೇ ಗೊತ್ತಿತ್ತು. ಪೆಟ್ಟಿಗೆ ಅಲ್ಲಿ ಇಳಿಯಲಿಲ್ಲ. ಹಡಗು ಕೊಲಂಬೊ ಎದುರು ಹೊತ್ತಿ ಉರಿದು ಮುಳುಗಿತು, ಪ್ಲಾಸ್ಟಿಕ್ ಹರಳು ಶ್ರೀಲಂಕಾದ ಮೀನುಗಾರರ ಬಲೆಗೆ ಬಂತು. 2025ರ ಮೇ 25ರಂದು, ವಿಳಿಞ್ಞಂನಿಂದ ಕೊಚ್ಚಿಗೆ 640 ಕಂಟೈನರ್ ಹೊತ್ತು ಹೊರಟ ಎಂಎಸ್‌ಸಿ ಎಲ್ಸಾ 3 ಕೊಚ್ಚಿ ಸಮೀಪ ಮುಳುಗಿತು. ಅದರಲ್ಲಿದ್ದ ಪ್ಲಾಸ್ಟಿಕ್ ಹರಳುಗಳು ಕೇರಳದ ತೀರ ಮುಗಿಸಿ ಕನ್ಯಾಕುಮಾರಿಗೂ ಬಂದವು. ಸುಮಾರು ಎರಡು ವಾರದ ನಂತರ, ಕೊಲಂಬೊದಿಂದ ಮುಂಬೈ ಕಡೆ ಹೊರಟ ವಾನ್ ಹೈ 503 ಕೇರಳದ ಉತ್ತರ ಕರಾವಳಿಯಾಚೆ ಹೊತ್ತಿಕೊಂಡಿತು. ಒಂದು ಬಂದರಿನಲ್ಲಿ ಕೈತೊಳೆದುಕೊಂಡರೆ ಇನ್ನೊಂದು ರಾಜ್ಯದ, ಇನ್ನೊಂದು ದೇಶದ ದಡ ಅದರ ಬೆಲೆ ತೆರುತ್ತದೆ.

ಇದನ್ನು ಹೊಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಕೆರೆಗಳ ಕೊಳಚೆ ಹೊತ್ತು, ಕೆಲವರಪಳ್ಳಿ ಜಲಾಶಯಕ್ಕೆ ನೊರೆಯಾಗಿ ಬಂದು ಬೀಳುವುದನ್ನು ನಾವು ಸೇತುವೆ ಮೇಲೆ ಮೂಗು ಮುಚ್ಚಿಕೊಂಡು ನೋಡಿದ್ದೇವೆ. ಇದೇ ನೀರು ಕೃಷ್ಣಗಿರಿ, ಸಾತನೂರು ದಾಟಿ ಕಡಲೂರಿನಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಈ ನದಿಗೆ ಮೈಸೂರು ಮತ್ತು ಮದ್ರಾಸು ಮಾಡಿಕೊಂಡ 1892ರ ಒಪ್ಪಂದವಿದೆ. ಆದರೂ ಮಾರ್ಕಂಡೇಯ ಉಪನದಿಗೆ ಯರಗೋಳಿನಲ್ಲಿ ಕೋಲಾರ ಜಿಲ್ಲೆಯ ಕುಡಿಯುವ ನೀರಿಗಾಗಿ ಕರ್ನಾಟಕ ಅಣೆಕಟ್ಟು ಕಟ್ಟತೊಡಗಿದಾಗ ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರ್‌ನಲ್ಲಿ ಕೋರ್ಟು, ಬೇಕಿದ್ದರೆ ನ್ಯಾಯಾಧಿಕರಣ ಕೇಳಿ ಎಂದು ಅರ್ಜಿ ವಜಾ ಮಾಡಿತು. ನ್ಯಾಯಾಧಿಕರಣವೋ ಮಾತುಕತೆಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿತ್ತು, ಅಣೆಕಟ್ಟು ಎದ್ದು ನಿಂತಿತು. ಕೋಲಾರದವರ ಬಾಯಾರಿಕೆಯೂ ಸುಳ್ಳಲ್ಲ, ಕೃಷ್ಣಗಿರಿ ರೈತರ ಆತಂಕವೂ ಸುಳ್ಳಲ್ಲ. ಕಾಂಕ್ರೀಟು ಬೀಳುವ ಮುನ್ನ ಕೂತು ಮಾತಾಡುವ ಕಾಯಂ ಜಾಗ ಇರಲಿಲ್ಲ ಎಂಬುದೇ ಕೊರತೆ. ಒಪ್ಪಂದ ಇದ್ದ ಮಾತ್ರಕ್ಕೆ ಅಂಥ ಜಾಗ ಹುಟ್ಟುವುದಿಲ್ಲ. ಪಾಕ್ ಜಲಸಂಧಿಯಲ್ಲೂ 1974ರ ಒಪ್ಪಂದವಿದೆ, ಎಲ್ಲ ಬಳಕೆದಾರರೂ ಒಟ್ಟಿಗೆ ಕೂತು ಮಾತಾಡುವ ಜಾಗವಿಲ್ಲ.

ಹಾಗಾದರೆ ಯಾರಿಗೆ ಮೊದಲ ಹಕ್ಕು? ಹಡಗೇ ಮೊದಲು ಎನ್ನುವವರು ವ್ಯಾಪಾರದ ಲೆಕ್ಕ ಮುಂದಿಡುತ್ತಾರೆ, ಗಾಳಿಯೇ ಮೊದಲು ಎನ್ನುವವರು ಹವಾಮಾನದ ಲೆಕ್ಕ ಮುಂದಿಡುತ್ತಾರೆ. ಯಾವುದು ಸರಿಯಬಲ್ಲದು, ಯಾವುದು ಸರಿಯಲಾರದು ಎಂಬುದನ್ನು ನೋಡುವುದು ನಮಗೆ ನ್ಯಾಯವಾಗಿ ಕಾಣುತ್ತದೆ. ಬಂದರಿನ ಬಾಯಿ ಸರಿಯಲಾರದು. ಹವಳದ ದ್ವೀಪ ಸರಿಯಲಾರದು. ದಡದ ಹತ್ತಿರ ಸಣ್ಣ ದೋಣಿಯಲ್ಲಿ ಬಲೆ ಬಿಡುವವನೂ ಸರಿಯಲಾರ, ಅವನ ದೋಣಿ ದೂರ ಹೋಗುವುದಿಲ್ಲ. ಇವರಿಗೆ ಮೊದಲ ಜಾಗ. ಗಾಳಿ ಮತ್ತು ಆಳ ಎರಡೂ ಕೂಡಿಬರುವ ಜಾಗ ಕಡಿಮೆ, ಗಾಳಿಯಂತ್ರಕ್ಕೆ ಎರಡನೆಯ ಜಾಗ. ನಡುಕಡಲಿನಲ್ಲಿ ಸಾಗುವ ಹಡಗು ಕೆಲವು ಮೈಲಿ ಪಕ್ಕಕ್ಕೆ ಸರಿಯಬಲ್ಲದು. ಹಾಗೆ ಸರಿದದ್ದರ ಖರ್ಚು ಪ್ರತಿ ಪ್ರಯಾಣದಲ್ಲೂ ಬೀಳುತ್ತದೆಂಬುದನ್ನು ಮರೆಯದೆ, ಆ ಸುತ್ತನ್ನು ಆದಷ್ಟು ಚಿಕ್ಕದು ಮಾಡುವುದು ಯೋಜನೆ ಹಾಕುವವರ ಹೊಣೆ.

ಆಗಬೇಕಾದ ಕೆಲಸಗಳು ದೊಡ್ಡ ಖರ್ಚಿನವಲ್ಲ. ಹಡಗುಗಳು ತಮ್ಮ ಜಾಡನ್ನು ಎಐಎಸ್ ಯಂತ್ರದ ಮೂಲಕ ಸಾರುತ್ತಲೇ ಇರುತ್ತವೆ, ಆ ಜಾಡುಗಳ ನಕ್ಷೆಯನ್ನು ಸಾರ್ವಜನಿಕವಾಗಿಡಲಿ. ತೂತ್ತುಕುಡಿ–ಕೊಲಂಬೊ ದಾರಿಯನ್ನು ಎರಡೂ ದೇಶ ಸೇರಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಮುಂದಿಟ್ಟು ಅಧಿಕೃತಗೊಳಿಸಲಿ. ಆ ದಾರಿಗೂ ಕಂಬಕ್ಕೂ ನಡುವಿನ ಅಂತರವನ್ನು ಮಳೆಗಾಲದ ಬಿರುಗಾಳಿಗೆ ತಕ್ಕಂತೆ ನಿಗದಿ ಮಾಡಲಿ. ಎಳೆಹಡಗು ಮತ್ತು ತೈಲ ಸೋರಿಕೆ ತಡೆಯುವ ಸಾಮಗ್ರಿ ಎರಡೂ ದಡದಲ್ಲಿ ಸಿದ್ಧವಿರಲಿ. ಇವೆಲ್ಲಕ್ಕೂ ಒಂದು ಕಾಯಂ ಜಂಟಿ ಸಮಿತಿ ಬೇಕು. ಅದರಲ್ಲಿ ಅಧಿಕಾರಿಗಳ ಜೊತೆ ರಾಮೇಶ್ವರದ ಮೀನುಗಾರರೂ ಮನ್ನಾರಿನ ಮೀನುಗಾರರೂ ಕೂರಬೇಕು. ಕೃಷ್ಣಗಿರಿಯಂಥ ಒಳನಾಡಿನ ರಫ್ತುದಾರರಿಗೂ ಅಲ್ಲಿ ಒಂದು ಕುರ್ಚಿ ಇರಲಿ, ಹಡಗು ಬಾಡಿಗೆ ಏರಿದರೆ ಕಟ್ಟುವವರು ಅವರೇ.

ರದ್ದಾದ ಟೆಂಡರನ್ನು ಸೋಲೆಂದು ಬಗೆಯುವವರಿದ್ದಾರೆ. ನಮಗೆ ಅದು ಸಿಕ್ಕ ಬಿಡುವಿನಂತೆ ಕಾಣುತ್ತದೆ. ಕಡಲತಳದಲ್ಲಿ ಇನ್ನೂ ಒಂದು ಕಂಬವನ್ನೂ ಊರಿಲ್ಲವಾದ್ದರಿಂದ ಕೀಳಬೇಕಾದ್ದೂ ಏನಿಲ್ಲ. ಸೇತುಸಮುದ್ರಕ್ಕೆ, ಯರಗೋಳಿಗೆ ಸಿಗದ ಅನುಕೂಲ ಇದು. ಮುಂದಿನ ಟೆಂಡರ್ ಹೊರಡಿಸುವ ಮುನ್ನ ದರ ಎಷ್ಟು, ಸಬ್ಸಿಡಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ಕೊಲಂಬೊದ ಸಹಿಯಿರುವ ನಕ್ಷೆ ಎಲ್ಲಿ ಎಂದೂ ಕೇಳಬೇಕು. ಅದಿಲ್ಲದ ಟೆಂಡರನ್ನು ಸಂಸತ್ತಿನಲ್ಲಿ ಪ್ರಶ್ನಿಸುವುದು ಕರಾವಳಿಯ ಸಂಸದರಷ್ಟೇ ನಮ್ಮ ಕೃಷ್ಣಗಿರಿಯ ಸಂಸದರ ಕೆಲಸವೂ ಹೌದು.